ಲೆಕ್ಕಕ್ಕ ಬಾರದ ಅತ್ತೇರು

ಮಸ್ಕಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮಿರ್ಚಿ ಭಜಿ ಅಂಗಡಿ ಐತಿ. ಅದರ ಹೊರಗ ಹಾಕಿದ ಕಲ್ಲಿನ ಬಾಕಿನ ಮ್ಯಾಲ ಕುಂತು ನಾನೂ ನಮ್ಮಕ್ಕನೂ ಆಡಿದಷ್ಟು ಮಾತು ನಾ ನನ್ನ ಗಂಡನ ಜೋಡಿ ಆಡಿಲ್ಲ. ಇದನ್ನ ಆತನ ಎದುರಿಗೇ ಹೇಳ್ತೀನಿ, ಆತ ನಗ್ತಾನ. ಅಕ್ಕನ್ನ ಗುರುಗುಂಟಾಕ್ಕ ಕೊಟ್ಟಿದ್ರು, ನಾ ಸಿಂಧನೂರಾಗ. ಆಕಿ ಲಿಂಗಸುಗೂರು ಹಾದು ಬರಬೇಕು, ನಾ ಈ ಕಡಿಂದ ಹೋಗಬೇಕು, ಮಸ್ಕಿ ಇಬ್ಬರಿಗೂ ನಡುವ. ಒಬ್ಬರ ಮನಿಗೆ ಒಬ್ಬರು ಹೋದ್ರ ಅಡಿಗಿ, ಚಾ, ಬಂದೋರು ಹೋದೋರು ಅಂತ ದಿನ ಹೋಗಿಬಿಡ್ತೈತಿ. ಭಜಿ ಅಂಗಡಿ ಮುಂದ ಆ ತ್ರಾಸಿಲ್ಲ.

ಆಕಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಬರ್ತಿದ್ಳು. ನಾ ನಮ್ಮ ಗದ್ದಿ ಅಕ್ಕಿ ಒಯ್ತಿದ್ದೆ. ಚೀಲ ಬದಲಿ ಮಾಡ್ಕೊಳ್ಳೂವಾಗ ಪ್ರತಿ ಸರ್ತಿ ಆಕೀದು ಒಂದೇ ಮಾತು: "ನೀವು ಕಾಲುವಿ ನೀರಿನ ಮಂದಿ, ಅನ್ನ ತಿಂದು ತಿಂದು ಮೆತ್ತಗಾಗೀರಿ. ರೊಟ್ಟಿ ತಿನ್ನಬೇ, ಹಲ್ಲು ಗಟ್ಟಿ ಆಗ್ತಾವ. ನಾಲಿಗಿ ಅಂತೂ ಮೊದಲೇ ಗಟ್ಟಿ ಐತಿ ನಿಂದು." ಅಂಗಡಿ ಚಾಚಾ ನಮ್ಮನ್ನ ನೋಡಿದ ಕೂಡ್ಲೇ ಒಳಗಿನ ಹುಡುಗರಿಗೆ ಕೂಗಿ ಹೇಳ್ತಿದ್ದ, "ದೋನೋ ಬೆಹೆನಾಂ ಆಗಯಾಂ," ಅಕ್ಕತಂಗೇರು ಬಂದ್ರು ಅಂತ. ಅದನ್ನ ಕೇಳಾಕ ನನಗ ಭಾಳ ಛಂದ ಅನಸ್ತಿತ್ತು. ಈಗ ಆ ಬಾಕಿನ ಮುಂದ ಬಸ್ಸು ನಿಂತ್ರ ನಾ ಮುಖ ಆ ಕಡಿ ತಿರುಗಿಸಿ ಕೂಡ್ತೀನಿ.

ನಾ ಪಿಯು ಕಾಲೇಜಿನ್ಯಾಗ ಜೀವಶಾಸ್ತ್ರ ಕಲಸಾಕಿ. ಜೀನುಗಳ ನಿಯಂತ್ರಣ ಅನ್ನೂ ಪಾಠ ಬಂದಾಗ ಪುಸ್ತಕ ಮುಚ್ಚಿಡ್ತೀನಿ. ವಳಕಮದಿನ್ನಿ, ಮುಕ್ಕುಂದದ ಕಡಿಂದ ಬರೂ ಹುಡುಗ್ಯಾರಿಗೆ ಕಾಲುವಿ ಹೇಳಿದ್ರ ಸಾಕು. ಕಾಲುವಿ ತುಂಬ ನೀರು ಹರದ್ರ ಎಲ್ಲಾ ಗದ್ದಿಗೂ ನೀರು ಹೊಕ್ಕಂಗಾತೇನು? ಯಾವ ತೂಬು ತೆಗದಾರ, ಯಾವುದು ಮುಚ್ಚ್ಯಾರ, ಅದು ನೋಡ್ರಿ ಅಂತೀನಿ. ನಮ್ಮ ಮೈಯಾಗಿನ ಒಂದೊಂದು ಕೋಶದಾಗೂ ಎಲ್ಲಾ ಜೀನು ಇರ್ತಾವ. ಹೊಟ್ಟಿ ರಸ ಮಾಡೂ ಜೀನು ಕಣ್ಣಿನ ಕೋಶದಾಗೂ ಐತಿ, ಆದ್ರ ಅಲ್ಲಿ ಅದರ ತೂಬು ಮುಚ್ಚೈತಿ. ಕೂಸು ಹೊಟ್ಟ್ಯಾಗಿದ್ದಾಗ ಬೇಕಾಗಿದ್ದು ಆವಾಗ ತೆಗೀತೈತಿ, ಕೆಲಸ ಮುಗಿದ ಮ್ಯಾಲ ಮುಚ್ಚತೈತಿ. ತೆಗಿಯಾಕೂ ಮುಚ್ಚಾಕೂ ಬ್ಯಾರೆ ಜೀನುಗಳೇ ಅದಾವ, ಕಾಲುವಿ ಕಾಯೂ ನೀರಗಂಟಿಗಳು ಇದ್ದಂಗ. ಕೋಶಕ್ಕ ಬೆಳಿ ಅನ್ನೂ ಜೀನು ಐತಿ, ಸಾಕು ನಿಲ್ಲು ಅನ್ನೂ ಜೀನೂ ಐತಿ. ಜೀನಿನ್ಯಾಗ ಒಂದು ತಪ್ಪು ಬಿದ್ದು, ತೆಗೆದ ತೂಬು ಮುಚ್ಚಲಿಲ್ಲ, ನಿಲ್ಲು ಅನ್ನೋನೂ ಇಲ್ಲ ಅಂದ್ರ ಕೋಶ ಬೆಳೀತಾನೇ ಹೋಗ್ತೈತಿ. ಅದು ಕ್ಯಾನ್ಸರ್. ಹುಡುಗ್ಯಾರು ತಲಿ ಆಡಸ್ತಾರ. ಪರೀಕ್ಷಾದಾಗೂ ಛಲೋ ಬರೀತಾರ.

ಇನ್ನ ನಮ್ಮಪ್ಪನ ಮಾತು. ವಳಕಮದಿನ್ನ್ಯಾಗ ನಮ್ಮ ಗದ್ದಿ. ಅವ್ವ ಹೃದಯದ ತ್ರಾಸಾಗಿ ಹೋದ ಮ್ಯಾಲ ಅಪ್ಪ ನಮ್ಮ ಜೋಡಿ ಸಿಂಧನೂರಾಗೇ ಅದಾನ, ಮುಂಜಾನಿ ಬಸ್ಸಿಗೆ ಗದ್ದಿಗೆ ಹೋಗಿ ಮಧ್ಯಾಹ್ನ ಊಟಕ್ಕ ಬರ್ತಾನ. ಯಾರಾದ್ರೂ "ಯಜಮಾನ್ರ, ಅಣ್ಣತಮ್ಮರು ಎಷ್ಟು ಮಂದಿ?" ಅಂದ್ರ, "ನಾ ಒಬ್ಬನೇ ರೀ, ನನಗ ಹಿಂದ ಮುಂದ ಯಾರೂ ಇಲ್ಲ" ಅಂತಿದ್ದ. ಆತಗ ಒಬ್ಬಾಕಿ ಅಕ್ಕ, ಒಬ್ಬಾಕಿ ತಂಗಿ ಇದ್ರು. ದೊಡ್ಡತ್ತಿಯನ್ನ ಗುರುಗುಂಟಾಕ್ಕ ಕೊಟ್ಟಿದ್ರು, ಸಣ್ಣತ್ತಿಯನ್ನ ಮುಕ್ಕುಂದಕ್ಕ. ಅಪ್ಪಗ ಅವರ ಮ್ಯಾಲ ಪ್ರೀತಿ ಇರಲಿಲ್ಲ ಅಂತಲ್ಲ. ಪಂಚಮಿಗೆ ಸೀರಿ, ಉಂಡಿ ಕಟ್ಟಿಸಿ ತಾನೇ ಒಯ್ದು ಕೊಟ್ಟು ಬರ್ತಿದ್ದ. ಆದ್ರ ಮನೆತನ ಅಂತ ಲೆಕ್ಕಕ್ಕ ಕುಂತ್ರ ಅವರು ಬರ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಗಾದಿನೇ ಐತಲ್ಲ. ನಮ್ಮ ಕಡಿ ಎಲ್ಲಾರೂ ಹಿಂಗೇ ಎಣಸ್ತಾರ, ಇದರಾಗ ತಪ್ಪು ಐತಿ ಅಂತ ಯಾರಿಗೂ ಅನಸಿದ್ದಿಲ್ಲ.

ಒಂದು ವಿಷಯದಾಗ ಮಾತ್ರ ಅಪ್ಪ ಅಕ್ಕತಂಗೇರನ್ನ ಬಿಡ್ತಿದ್ದಿಲ್ಲ. ಆತನ ಎರಡೂ ಕಿರುಬೆರಳು ಒಳಗ ಬಾಗ್ಯಾವ, ಕುಡುಗೋಲಿನಂಗ. ದೊಡ್ಡತ್ತಿಗೂ ಹಂಗೇ ಇತ್ತು, ನಮ್ಮಕ್ಕಗೂ ಹಂಗೇ. ನನಗಿಲ್ಲ, ನನ್ನ ಬೆರಳು ಅವ್ವನಂಗ ನೆಟ್ಟಗ. ಅಪ್ಪ ಅಕ್ಕನ ಕೈ ಹಿಡಿದು ಬಂದೋರಿಗೆಲ್ಲ ತೋರಸ್ತಿದ್ದ: "ನೋಡ್ರಿ, ನಮ್ಮ ಮನೆತನದ ಬೆರಳು." ನಾ ಸಣ್ಣಾಕಿ ಇದ್ದಾಗ ಸಿಟ್ಟಿಲೇ ನನ್ನ ಕಿರುಬೆರಳು ಬಾಗಿಸಿ ದಾರ ಕಟ್ಕೊಂಡು ಮಲಗೀನಿ. ಮುಂಜಾನಿ ಅಕ್ಕ ದಾರ ಬಿಚ್ಚಿ, ಬೆರಳು ತಿಕ್ಕಿ, "ಹುಚ್ಚಿ, ನಿನಗ ಬೇಕಾದ್ರ ನನ್ನವು ಎರಡೂ ತಗೋ" ಅಂದಿದ್ಳು.

ಅಕ್ಕನ್ನ ದೊಡ್ಡತ್ತಿ ಮಗಗೇ ಕೊಟ್ರು. ಕಳ್ಳುಬಳ್ಳಿ ಬಿಡಬಾರದು, ಗೊತ್ತಿದ್ದ ಮನಿ, ಅತ್ತೀನೇ ಅತ್ತಿ ಆದ್ರ ಹುಡುಗಿ ಸುಖವಾಗಿ ಇರ್ತಾಳ ಅಂದ್ರು. ಖರೇನೂ ಹಂಗೇ ಆತು. ಅತ್ತಿ ಸೊಸಿ ಒಂದೇ ತಾಟಿನ್ಯಾಗ ಉಣ್ಣಾವ್ರು. ಅಕ್ಕನ ಮಗಳು ಹುಟ್ಟಿದಾಗ ದೊಡ್ಡತ್ತಿ ಮೊದಲು ನೋಡಿದ್ದು ಕೂಸಿನ ಕಿರುಬೆರಳು. ಅದೂ ಬಾಗಿತ್ತು. ಅಪ್ಪಗ ಹೇಳಿ ಕಳಿಸಿದ್ಳು, "ನಮ್ಮ ಬೆರಳು ಬಂದೈತಿ" ಅಂತ.

ಮುಂದ ಕೆಲವು ವರ್ಷಕ್ಕ ದೊಡ್ಡತ್ತಿ ತೀರಿಕೊಂಡ್ಳು. ಬೆನ್ನುಬ್ಯಾನಿ ಅಂತ ಹೇಳಿದ್ರು, ನಾವು ನಂಬಿದ್ವಿ. ಸಣ್ಣತ್ತಿ ಅದಕ್ಕಿಂತ ಮೊದಲೇ ಹೋಗಿದ್ಳು, ಹೊಟ್ಟ್ಯಾಗ ನೀರು ತುಂಬಿ. ನಾ ಆವಾಗ ಇನ್ನೂ ಸಾಲಿಗೆ ಹೋಗಾಕಿ.

ಅಕ್ಕಗ ಎದಿಯಾಗ ಗಂಟು ಅಂತ ಗೊತ್ತಾದಾಗ ಆಕೀಗೆ ಅಂಥ ವಯಸ್ಸೇನೂ ಆಗಿದ್ದಿಲ್ಲ. ಭಾವ ಮತ್ತ ಅಪ್ಪ ಹೈದರಾಬಾದಿನ ಒಂದು ದೊಡ್ಡ ದವಾಖಾನಿಗೆ ಕರ್ಕೊಂಡು ಹೋದ್ರು. ನನಗ ಪರೀಕ್ಷಾ ಕೆಲಸ, ನಾ ಹೋಗಾಕಾಗಲಿಲ್ಲ. ಆಪರೇಷನ್ ಆತು, ಔಷಧ ಏರಸಿದ್ರು, ಕೂದಲು ಹೋತು, ಮತ್ತ ಬಂತು. ಕೂದಲು ಬಂದ ಮ್ಯಾಲ ಒಂದಿನ ಫೋನ್ ಮಾಡಿ, "ಮಸ್ಕಿಗೆ ಬಾ. ನನ್ನ ಹೊಸಾ ಗುಂಗುರುಗೂದಲು ನೋಡೂವಂತಿ, ಹೊಟ್ಟಿಕಿಚ್ಚು ಪಡಬ್ಯಾಡ" ಅಂದ್ಳು.

ಹೋದೆ. ಚಾಚಾ ಆಕೀನ ನೋಡಿ ಏನೂ ಕೂಗಲಿಲ್ಲ, ಸುಮ್ಮನ ಬಿಸಿ ಭಜಿ ತಂದಿಟ್ಟ. ಅಕ್ಕ ಒಂದು ಮುರಿದು ಕೈಯಾಗ ಹಿಡ್ಕೊಂಡು, ತಿನ್ನದನ, ಸಹಜ ಮಾತಿನಂಗ ಹೇಳಿದ್ಳು: "ಅತ್ತಿಗೂ ಇದೇ ಆಗಿತ್ತಬೇ. ಎದಿಯಾಗ. ಒಡದು ಹುಣ್ಣಾಗಿತ್ತು. ಬೇವಿನ ನೀರಿಲೆ ನಾನೇ ತೊಳೀತಿದ್ದೆ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ಳು."

"ಡಾಕ್ಟರ್ ಕೇಳಲಿಲ್ಲೇನು, ಮನ್ಯಾಗ ಯಾರಿಗಾದ್ರೂ ಆಗೈತೇನು ಅಂತ?"

"ಕೇಳಿದ್ರು. ಈಕಿ ತವರುಮನ್ಯಾಗ ಯಾರಿಗಾದ್ರೂ ಐತೇನು ಅಂದ್ರು. ಅಪ್ಪ ಇಲ್ಲ ಅಂದ. ಇವರೂ ಇಲ್ಲ ಅಂದ್ರು."

"ಭಾವನ ಸ್ವಂತ ಅವ್ವ ಅಲ್ಲೇನಬೇ ಆಕಿ? ಅವ್ವಗೇನಾಗಿತ್ತು ಅಂತ ಗೊತ್ತಿರಲಿಲ್ಲೇನು ಆತಗ?"

"ಗೊತ್ತಿತ್ತು. ಆದ್ರ ಅದು ಅವರ ಮನಿ ರೋಗ ಆತಲ್ಲ. ಅತ್ತಿ ರೋಗ ಸೊಸಿಗೆ ಬರ್ತೈತೇನು?"

ನಾ ಎದ್ದು ನಿಂತೆ. ಸಿಟ್ಟು ಮೂಗಿನ ತುದ್ಯಾಗ ಇರೂ ಹೆಣ್ಣು ನಾ, ಬಸ್ ಸ್ಟ್ಯಾಂಡಿನ ಮಂದಿ ತಿರುಗಿ ನೋಡೂ ಹಂಗ ಒದರಿದೆ. ಭಾವ ನೋಡಿದ್ರ ಅವ್ವನ್ನ ತನ್ನ ಮನ್ಯಾಕಿ ಅಂತಾನ, ಹೆಂಡತಿ ತವರಿನ ಲೆಕ್ಕಕ್ಕ ಹಿಡಿಯೂದಿಲ್ಲ. ಅಪ್ಪ ನೋಡಿದ್ರ ತನ್ನ ಅಕ್ಕನ್ನ ಕೊಟ್ಟೀನಿ ಅಂತಾನ, ಬೆನ್ನುಬ್ಯಾನಿಗೆ ಹೆಂಗ ಸತ್ಳು ಅಂತಾನೂ ಕೇಳಿಲ್ಲ, ತನ್ನ ಮನಿ ಲೆಕ್ಕಕ್ಕ ಹಿಡಿಯೂದಿಲ್ಲ. ಒಬ್ಬ ಹೆಣ್ಣುಮಗಳು ಎರಡೂ ಮನಿಯಾಗಿಂದ ಬಿದ್ದು ಹೋದ್ಳಲ್ಲ. ಅದೂ ಅತ್ತೀನೇ ಅತ್ತಿ ಆದಾಕಿ. ಆಕಿ ರಕ್ತಾನೇ ನಿನ್ನ ರಕ್ತ ಅಂದೆ. ಮುಕ್ಕುಂದದ ಸಣ್ಣತ್ತಿಯ ಹೊಟ್ಟಿ ನೀರೂ ಆಗ ನೆನಪಾತು. ಒಂದೇ ಜೀನು ಕೆಟ್ರ ಒಬ್ಬರಿಗೆ ಎದಿಯಾಗ, ಒಬ್ಬರಿಗೆ ಅಂಡಾಶಯದಾಗ ಬರಬಹುದು.

"ಕೂಡ್ರು," ಅಂದ್ಳು ಅಕ್ಕ. "ಒದರೂದು ಆಮ್ಯಾಲ ಒದರು. ಮೊದಲು ನನಗ ತಿಳಿಯೂ ಹಂಗ ಹೇಳು."

ಕುಂತೆ. ಕಾಲುವಿ ಮಾತೇ ಹೇಳಿದೆ. ಕೋಶ ಕೋಶಕ್ಕೂ ದಿನಾ ಜೀನಿನ್ಯಾಗ ಏನಾದ್ರೊಂದು ಹರೀತಿರ್ತೈತಿ, ಕಾಲುವಿ ಒಡ್ಡು ಬಿರುಕು ಬಿಟ್ಟಂಗ. ಅದನ್ನ ಹೊಲಿಯೂ ಜೀನು ಐತಿ. ಎಲ್ಲಾರಿಗೂ ಅಂಥವು ಎರಡು, ಒಂದು ಅವ್ವ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಕೆಲವರಿಗೆ ಹುಟ್ಟತಾನೇ ಒಂದು ಕೆಟ್ಟಿರ್ತೈತಿ. ಇನ್ನೊಂದು ಒಬ್ಬಂಟಿಯಾಗಿ ದುಡೀತಿರ್ತೈತಿ, ಅಷ್ಟು ದಿನ ಏನೂ ಗೊತ್ತಾಗೂದಿಲ್ಲ. ಯಾವುದೋ ಒಂದು ಕೋಶದಾಗ ಅದೂ ಕೆಟ್ರ, ಆಮ್ಯಾಲ ಆ ಕೋಶದಾಗ ಬಿರುಕು ಮುಚ್ಚೋರು ಯಾರೂ ಇಲ್ಲ. ಬಿರುಕು ಬಿಟ್ಟು ಬಿಟ್ಟು, ಬೆಳಿ ಅನ್ನೂ ತೂಬು ತೆಗೆದೇ ಉಳೀತೈತಿ. ಅಪ್ಪನ ಕಡಿಂದ ಬರ್ತೈತಿ, ಅವ್ವನ ಕಡಿಂದಾನೂ ಬರ್ತೈತಿ. ಗಂಡಸರಿಗೆ ಭಾಳ ಸರ್ತಿ ರೋಗ ಬರೂದಿಲ್ಲ, ಆದ್ರ ಮಕ್ಕಳಿಗೆ ದಾಟಸ್ತಾರ.

ಅಕ್ಕ ತನ್ನ ಕಿರುಬೆರಳು ನೋಡ್ಕೊಂಡ್ಳು. ಆಮ್ಯಾಲ, "ಹಂಗಾದ್ರ ನನ್ನ ಮಗಳಿಗೆ?" ಅಂದ್ಳು.

"ಬರಬಹುದು, ಬರದೇನೂ ಇರಬಹುದು. ಮೊದಲೇ ಗೊತ್ತಾದ್ರ ಪರೀಕ್ಷಾ ಮಾಡಿಸ್ಕೋಂತ ಇರಬಹುದು. ಮುಂದಿನ ಸರ್ತಿ ಹೈದರಾಬಾದಿಗೆ ಹೋದಾಗ ನಾನೂ ಬರ್ತೀನಿ, ನಿನ್ನ ರಕ್ತ ತೆಗಸೂಣು."

"ಬಾ. ನಾ ಉಳೀಲಿ ಬಿಡಲಿ, ಆಕೀನ ನೋಡ್ಕೊಂಡಿರು," ಅಂದ್ಳು. ಬಸ್ಸು ಬಂತು. ಮೆಟ್ಟಲ ಮ್ಯಾಲ ಕಾಲಿಟ್ಟು ತಿರುಗಿ ನಿಂತ್ಳು, ಮುಖದಾಗ ನಗಿ ಇತ್ತು. "ಅಲ್ಲಬೇ, ನಾನೂ ಕೊಟ್ಟ ಹೆಣ್ಣಲ್ಲೇನು? ನಾಳೆ ನಿಮ್ಮಲ್ಲಿ ಎಷ್ಟು ಮಂದಿ ಅಂತ ನಿನ್ನ ಯಾರಾದ್ರೂ ಕೇಳಿದ್ರ, ನಾ ಒಬ್ಬಾಕೀನೇ ಅಂತ ಹೇಳ್ತೀಯೇನು?" ನಾ ಉತ್ತರ ಕೊಡೂದ್ರಾಗ ಕಂಡಕ್ಟರ್ ಸೀಟಿ ಹೊಡದ.

ಮುಂದಿನ ಸರ್ತಿ ಅನ್ನೂದು ಬರಲಿಲ್ಲ. ರೋಗ ಲಿವರಿಗೆ ಹೋಗಿತ್ತು, ಅಕ್ಕ ಗುರುಗುಂಟಾದಾಗೇ ಹೋದ್ಳು. ಆಕಿ ಮನಿ ಅಂಗಳದಾಗ ನಾ ಕುಂತಿದ್ದೆ, ಆಕಿ ಮಗಳು ನನ್ನ ತೊಡಿ ಮ್ಯಾಲ ತಲಿ ಇಟ್ಟಿದ್ಳು. ನನಗ ಅಳು ಬಂತು, ಆದ್ರ ಅದಕ್ಕಿಂತ ಜಾಸ್ತಿ ಅಕ್ಕನ್ನ ಎಬ್ಬಿಸಿ ಮಾತು ಮುಗಸಬೇಕು ಅಂತ ಅನಸಾಕತ್ತಿತ್ತು. ಇವತ್ತಿಗೂ ಹಂಗೇ ಅನಸ್ತೈತಿ. ಏನಾದ್ರೂ ಮಜಾ ಆದ್ರ, ಯಾರ ಮ್ಯಾಲಾದ್ರೂ ಸಿಟ್ಟು ಬಂದ್ರ, ಇದನ್ನ ಮಸ್ಕ್ಯಾಗ ಹೇಳಬೇಕು ಅಂತ ಮನಸ್ಸು ಮೊದಲು ಓಡ್ತೈತಿ. ಆಮ್ಯಾಲ ನೆನಪಾಗ್ತೈತಿ.

ಅಕ್ಕನ ಮಗಳು ಲಿಂಗಸುಗೂರಾಗ ಹೊಲಿಗಿ ಅಂಗಡಿ ಇಟ್ಟಾಳ. ಜಂಪರ್ ಹೊಲಿಯೂದ್ರಾಗ ಆಕಿ ಕೈ ಛಲೋ. ವರ ನೋಡಾಕತ್ತಿದ್ರು. ನಾ ಒಬ್ಬಾಕೀನೇ ಹೈದರಾಬಾದಿಗೆ ಹೋಗಿ ಡಾಕ್ಟರಿಗೆ ಎಲ್ಲಾ ಹೇಳಿ ಕೇಳ್ಕೊಂಡು ಬಂದೆ. ಅಕ್ಕನ ರಕ್ತ ಈಗ ಸಿಗೂದಿಲ್ಲ, ಅತ್ತೇರಿಬ್ಬರೂ ಇಲ್ಲ, ಹಂಗಾಗಿ ನಿಮ್ಮ ತಂದೀದು ಮೊದಲು ತಗೀಬೇಕು ಅಂದ್ರು. ಅವರಾಗ ಯಾವ ತಪ್ಪು ಐತಿ ಅಂತ ಸಿಕ್ರ, ಹುಡುಗಿಯಾಗ ಅದನ್ನೇ ಹುಡುಕಬಹುದು. ಅಪ್ಪನದು ಸಿಗದಿದ್ರ ಹುಡುಗಿದು ಇಲ್ಲ ಅಂತ ಬಂದ್ರೂ ಅದನ್ನ ಪೂರಾ ನಂಬಾಕಾಗೂದಿಲ್ಲ.

ಅಪ್ಪ ಒಲ್ಲೆ ಅಂದ. "ನನ್ನ ರಕ್ತದಾಗ ಏನೈತಿ? ಈ ವಯಸ್ಸಿನ್ಯಾಗೂ ಗದ್ದಿ ಬದುವಿನ ಮ್ಯಾಲ ನಡೀತೀನಿ. ನಮ್ಮ ಮನೆತನದಾಗ ಈ ರೋಗ ಇಲ್ಲ."

"ದೊಡ್ಡತ್ತಿಗೆ ಇತ್ತಪ್ಪ."

"ಆಕಿ ಗುರುಗುಂಟಾದಾಕಿ."

"ಸಣ್ಣತ್ತಿ?"

"ಮುಕ್ಕುಂದದಾಕಿ. ಅವರವರ ಮನಿಗೆ ಹೋದ ಮ್ಯಾಲ ಅವರ ಉಣಿಸು ಬ್ಯಾರೆ, ನೀರು ಬ್ಯಾರೆ. ಬಾಯಿ ಬಿಟ್ರ ಬಣ್ಣಗೇಡು. ಇದು ಊರಾಗ ಗೊತ್ತಾದ್ರ ಮೊಮ್ಮಗಳನ್ನ ಯಾರು ಕೇಳಾಕ ಬರ್ತಾರ?"

ನಮ್ಮ ಮನಿಗೆ ಬಂದಿದ್ದ ಹುಡುಗಿ ಅಲ್ಲೇ ಕುಂತು ನನ್ನ ಸೀರಿಗೆ ಫಾಲ್ ಹಚ್ಚಾಕತ್ತಿದ್ಳು. ಸೂಜಿ ಎಳಿಯೂವಾಗ ಕಿರುಬೆರಳು ಒಳಗ ಬಾಗಿ ನಿಂತಿತ್ತು. ನನಗ ತಡಕೊಳ್ಳಾಕಾಗಲಿಲ್ಲ. ಆಕಿ ಕೈ ಹಿಡಿದು ಎಳ್ಕೊಂಡು ಹೋಗಿ ಅಪ್ಪನ ಕೈ ಪಕ್ಕ ಇಟ್ಟೆ.

"ಇದು ಯಾರ ಬೆರಳು? ಹೇಳಪ್ಪ. ಇದು ಎಲ್ಲಿಂದ ಗುರುಗುಂಟಾಕ್ಕ ಹೋತು? ಉಣಿಸಿನ್ಯಾಗಿಂದ ಬಂತೇನು? ನೀರಾಗಿಂದ ಬಂತೇನು? ಬೆರಳು ಬಂದ್ರ ನಮ್ಮ ಮನೆತನದ್ದು, ಹುಣ್ಣು ಬಂದ್ರ ಅವರ ಮನಿದು, ಇದು ಎಲ್ಲಿ ನ್ಯಾಯ? ಬೆರಳು ಎಷ್ಟು ಹಾದಿ ನಡದು ಬಂದೈತೋ ಅದೂ ಅಷ್ಟೇ ನಡದು ಬಂದೈತಿ."

ಅಪ್ಪ ಹುಡುಗಿ ಕೈ ಬಿಡಲಿಲ್ಲ. ಕಿರುಬೆರಳು ಹಿಡಿದು ನೆಟ್ಟಗ ಮಾಡಾಕ ನೋಡಿದ, ಬಿಟ್ಟ ಕೂಡ್ಲೇ ಅದು ಮತ್ತ ಬಾಗಿತು. "ನಮ್ಮಕ್ಕ ನನಗ ತುತ್ತು ಮಾಡಿ ಉಣಿಸೂವಾಗ ಈ ಬೆರಳು ಗಲ್ಲಕ್ಕ ತಾಗ್ತಿತ್ತು," ಅಂದ. ಹುಡುಗಿ ಹೋಗಿ ತನ್ನ ಸೂಜಿ ತಗೊಂಡ್ಳು. ಮರುದಿನ ಅಪ್ಪ ಗದ್ದಿಗೆ ಹೊಂಟು ನಿಂತಾಗ, ಚಪ್ಪಲಿ ಹಾಕ್ಕೋಂತ, ನನ್ನ ಮುಖ ನೋಡದನ, "ಯಾವಾಗ ಹೋಗೂದು?" ಅಂತ ಕೇಳಿದ.

ಅಪ್ಪನ ರಕ್ತದಾಗ ತಪ್ಪು ಸಿಕ್ತು. ಆತನ ಮೈಯಾಗ ಅದು ಜೀವಮಾನ ಪೂರ್ತಿ ಸುಮ್ಮನ ಇತ್ತು. ಆಮ್ಯಾಲ ಭಾವ, ನಾನು, ಹುಡುಗಿ, ಮೂವರೂ ರಕ್ತ ಕೊಟ್ವಿ. ಭಾವಗ ಇಲ್ಲ, ಹೆತ್ತವ್ವಗ ಇದ್ದದ್ದು ಆತಗ ದಾಟಿಲ್ಲ. ನನಗೂ ಇಲ್ಲ. ಹುಡುಗಿಗೆ ಐತಿ.

ನನಗ ಇಲ್ಲ ಅಂದಾಗ ಖುಷಿ ಆಗಬೇಕಾಗಿತ್ತು. ಆಗಲಿಲ್ಲ, ಸುಳ್ಳು ಯಾಕ ಹೇಳಲಿ. ಅಕ್ಕಗ ಇದ್ದ ಬೆರಳೂ ನನಗ ಇಲ್ಲ, ಅಕ್ಕಗ ಇದ್ದ ಕೆಟ್ಟ ಜೀನೂ ನನಗ ಇಲ್ಲ. ದಾರ ಕಟ್ಕೊಂಡು ಮಲಗಿದ ಆ ಸಣ್ಣ ಹುಡುಗಿಯಂಗ ಮತ್ತ ಹೊರಗ ನಿಂತಂಗಾತು. ಒಬ್ಬಾಕೀನೇ ಬಚ್ಚಲದಾಗ ಬಾಗಿಲು ಹಾಕ್ಕೊಂಡು ಅತ್ತೆ. ಜೀವಶಾಸ್ತ್ರ ಕಲಸಾಕಿ ಹಿಂಗ ಅಳ್ತಾಳ ಅಂದ್ರ ಅಕ್ಕ ಎಷ್ಟು ಕಾಡಸ್ತಿದ್ಳೋ ಏನೋ.

ಹುಡುಗಿ ನಮ್ಮಷ್ಟು ಅಂಜಲಿಲ್ಲ. "ಐತಿ ಅಂದ್ರ ರೋಗ ಬಂದೈತಿ ಅಂತಲ್ಲಲ್ಲ ಚಿಕ್ಕಮ್ಮ? ಒಂದು ಹೊಲಿಗಿ ಬಿಚ್ಚೈತಿ, ಇನ್ನೊಂದು ಗಟ್ಟಿ ಐತಿ. ನೋಡ್ಕೋಂತ ಇರಬೇಕು, ಅಷ್ಟೇ ಹೌದಲ್ಲ?" ಅಂದ್ಳು. ಅಷ್ಟೇ ಅಂದೆ. ಅಷ್ಟೇ ಅಲ್ಲ ಅಂತ ನನಗೂ ಗೊತ್ತಿತ್ತು, ಆಕೀಗೂ ಗೊತ್ತಿತ್ತು. ನೋಡಾಕ ಬಂದ ವರನ ಮನಿಯವರಿಗೆ ಆಕಿ ತಾನೇ ಬಾಯಿ ಬಿಟ್ಟು ಹೇಳಿದ್ಳು. ಅವರು ತಿರುಗಿ ಬರಲಿಲ್ಲ. ಬರದಿದ್ರ ಬಿಡಲಿ ಅಂದ ಅಪ್ಪ.

ಆಕಿ ಮೊದಲ ಸ್ಕ್ಯಾನಿಗೆ ಹೊಂಟಾಗ ಅಪ್ಪ ನಾನೂ ಬರ್ತೀನಿ ಅಂತ ಹಟ ಹಿಡದ. ಬ್ಯಾಡ ಅಂದ್ರ ಕೇಳಲಿಲ್ಲ, ಧೋತರ ಉಟ್ಟು ಪಟಗಾ ಸುತ್ತಿಕೊಂಡು ನಮಗಿಂತ ಮೊದಲು ಬಸ್ಸಿನ್ಯಾಗ ಕುಂತಿದ್ದ. ದವಾಖಾನ್ಯಾಗ ಅವತ್ತು ಹೊಸಾ ಡಾಕ್ಟರ್ ಇದ್ಳು, ನಮ್ಮ ರಾಯಚೂರು ಕಡಿಯ ಹುಡುಗಿ, ಕನ್ನಡದಾಗೇ ಮಾತಾಡಿದ್ಳು. ಸ್ಕ್ಯಾನಿನ್ಯಾಗ ಈಗ ಏನೂ ಇಲ್ಲ, ಚೊಕ್ಕ ಐತಿ, ಆದ್ರ ತಪ್ಪದ ಬರ್ತಿರಬೇಕು ಅಂದ್ಳು. ನಾ ಅಲ್ಲೇ ಗ್ವಾಡಿಗೆ ಆನಿಕೊಂಡು ನಿಂತುಬಿಟ್ಟೆ.

ಡಾಕ್ಟರ್ ಅಪ್ಪನ ಕಡಿ ತಿರುಗಿ, "ಅಜ್ಜಾರ, ಇದು ನಿಮ್ಮ ಕಡಿಂದ ಬಂದದ್ದು ಹೌದಲ್ಲರೀ? ನಿಮ್ಮ ಮನ್ಯಾಗ ನೀವು ಎಷ್ಟು ಮಂದಿ?" ಅಂತ ಕೇಳಿದ್ಳು.

ನಾ ಬಾಯಿ ತೆಗಿಯೂದ್ರಾಗ ಅಪ್ಪ ನನಗ ಸುಮ್ಮನಿರು ಅಂತ ಕೈ ಮಾಡಿದ. "ನಾವು ಮೂರು ಮಂದಿ ರೀ. ನಮ್ಮಕ್ಕ, ನಾನು, ನಮ್ಮ ತಂಗಿ. ಅಕ್ಕಗ ಎದಿಯಾಗ ಆಗಿತ್ತು, ತಂಗಿಗೆ ಹೊಟ್ಟ್ಯಾಗ. ಇಬ್ಬರೂ ಹೋಗ್ಯಾರ. ನಮ್ಮ ಮನ್ಯಾವ್ರೇ ರೀ ಅವರು." ಹಿಂಗ ಹೇಳಿ ಪಟಗಾದ ಸೆರಗಿಲೆ ಕಣ್ಣು ಒರಸ್ಕೊಂಡ.

ಡಾಕ್ಟರ್ ನನ್ನ ಕಡಿ ನೋಡಿದ್ಳು. "ನೀವು ಮಕ್ಕಳು ಎಷ್ಟು ಮಂದಿ?"

ಮಸ್ಕ್ಯಾಗ ಅಕ್ಕ ಬಸ್ಸಿನ ಮೆಟ್ಟಲ ಮ್ಯಾಲ ನಿಂತು ಕೇಳಿದ್ದಕ್ಕ ನಾ ಇನ್ನೂ ಉತ್ತರ ಕೊಟ್ಟಿದ್ದಿಲ್ಲ.

"ಇಬ್ಬರು ರೀ," ಅಂದೆ. "ನಮ್ಮಕ್ಕ, ನಾನು."